ಟ್ಯಾಂಕಿನ ಬಾಯಿಗೆ ಹಚ್ಚಿದ ಎಣ್ಣೆ

"ಮೂಸಿ ನೋಡಬ್ಯಾಡ್ರಿ ಬಾಯಿಯವರ, ಏನರ ಆದೀತು," ಎಂದು ತುಳಜಾರಾಮ ವರ್ಕ್‌ಶಾಪಿನ ಬಾಗಿಲಲ್ಲೇ ನಿಂತು ಹೇಳಿದ. ತೋಟದ ಮಾಲೀಕ ಅವನೇ. ಆದರೂ ಒಳಗೆ ಕಾಲಿಡುವ ಧೈರ್ಯ ಅವನಿಗಿರಲಿಲ್ಲ.

ಎಎಸ್‌ಐ ಕಾಂತಾಬಾಯಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಪಾಟಿನಿಂದ ಗಾಳಿ ತುಂಬುವ ಒಂದು ಪುಟ್ಟ ಟ್ಯಾಂಕು ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ಅದರ ಬಾಯಿಯ ಬಳಿ ಇದ್ದ ಪುಟ್ಟ ರಬ್ಬರ್ ಟೊಪ್ಪಿಗೆಯನ್ನು ಉಗುರಿನಿಂದ ಎಬ್ಬಿಸಿದಳು.

ಇದೇ ಕೋಣೆಯಲ್ಲಿ, ದಸರೆಯ ಮರುದಿನ, ಇಂಥದೇ ಟ್ಯಾಂಕಿಗೆ ಗಾಳಿ ತುಂಬುವಾಗ ಅದರ ರೆಗ್ಯುಲೇಟರ್ ಸಿಡಿದು ಮೆಕ್ಯಾನಿಕ್ ಶಂಕರಲಿಂಗನ ಎದೆಗೆ ಬಡಿದಿತ್ತು. ಅವನನ್ನು ಕೊಂದವನೆಂದು, ಅವನ ಜೊತೆ ಇಲ್ಲೇ ದುಡಿಯುತ್ತಿದ್ದ ಬಸವಕಲ್ಯಾಣದ ನಸೀರ್ ಈಗ ಹುಮನಾಬಾದ್ ಠಾಣೆಯ ಲಾಕಪ್ಪಿನಲ್ಲಿದ್ದ.

ಹೆದ್ದಾರಿ ಪಕ್ಕದ ಈ ತೋಟಕ್ಕೆ ಹೈದರಾಬಾದಿನಿಂದ, ಸೋಲಾಪುರದಿಂದ ಆಫೀಸಿನ ಜನ ಬಸ್ಸು ಮಾಡಿಕೊಂಡು ಬಂದು, ಮುಖಕ್ಕೆ ಮುಖವಾಡ ಕಟ್ಟಿಕೊಂಡು, ಒಬ್ಬರ ಮೇಲೊಬ್ಬರು ಬಣ್ಣದ ಗುಂಡು ಹೊಡೆಯುತ್ತಾರೆ. ಪೇಂಟ್‌ಬಾಲ್ ಎಂದು ಅದರ ಹೆಸರು. ವರ್ಷಕ್ಕೊಮ್ಮೆಯಾದರೂ ತಮ್ಮ ಮ್ಯಾನೇಜರನಿಗೆ ಗುಂಡು ಹೊಡೆದು ಮನಸ್ಸು ಹಗುರ ಮಾಡಿಕೊಳ್ಳಲಿ ಎಂದು ಕಂಪನಿಗಳೇ ಕಳಿಸುತ್ತವಂತೆ.

ಆ ಗುಂಡನ್ನು ಹಾರಿಸುವುದು ಗಾಳಿ. ನೀರಿನ ತಂಬಿಗೆಗಿಂತ ತುಸು ದೊಡ್ಡದಾದ ಟ್ಯಾಂಕಿನೊಳಗೆ ಲಾರಿಯ ಟಾಯರಿನಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಬಿಗಿಯಾದ ಗಾಳಿ. ಅದರ ಸೊಕ್ಕು ಮುರಿದು, ಬಂದೂಕಿಗೆ ಬೇಕಾದಷ್ಟೇ ಹೊರಗೆ ಬಿಡುವ ಹಿತ್ತಾಳೆಯ ತಲೆಯೇ ರೆಗ್ಯುಲೇಟರ್.

ಟೊಪ್ಪಿಗೆಯ ಕೆಳಗೆ ಗಾಳಿ ತುಂಬುವ ಸಣ್ಣ ಮೂತಿ ಇತ್ತು. ಕಾಂತಾಬಾಯಿ ಅದಕ್ಕೆ ಕಿರುಬೆರಳು ಒತ್ತಿದಳು. ಬೆರಳು ಅಂಟಿಕೊಂಡಿತು. ಎಣ್ಣೆ.

ಇನ್ನೊಂದು ಟ್ಯಾಂಕು ಇಳಿಸಿದಳು. ಅದಕ್ಕೂ ಎಣ್ಣೆ. ಮತ್ತೊಂದಕ್ಕೂ.

"ತುಳಜಾರಾಮ, ಇವೆಲ್ಲಾ ತೊಳಿಸೀರೇನು?"

"ಹೊರಗಿಂದ ತೊಳಿಸೀನ್ರಿ. ಗ್ವಾಡಿ, ಕಪಾಟು, ಟ್ಯಾಂಕು, ಎಲ್ಲಾ. ರಕ್ತ ಬಿದ್ದಿತ್ತಲ್ರಿ. ಪಂಚನಾಮಾ ಮುಗೀತು, ತೊಳೀರಿ ಅಂತ ನಿಮ್ಮ ಸಾಹೇಬ್ರೇ ಅಂದ್ರು."

"ಟೊಪ್ಪಿಗಿ ಒಳಗ?"

"ಅದರ ಒಳಗ ಯಾರು ನೋಡ್ತಾರ್ರಿ?"

"ಖಂಡೆ ಪೂಜಾ ಇಲ್ಲಿ ಯಾರು ಮಾಡಿದ್ರು?"

"ನನಗ ಗೊತ್ತಿಲ್ರಿ. ನಾ ಪ್ರತಿ ನವಮಿಗಿ ತುಳಜಾಪುರಕ್ಕ ಹೋಗ್ತೀನಿ. ಗೇಟಿಗಿ ಒಂದು ಕಾಯಿ ಒಡಿ ಅಂತ ಶಂಕರಲಿಂಗಗ ಹೇಳಿ ಹೋಗಿದ್ನಿ. ವರ್ಕ್‌ಶಾಪಿಗಿ ಬೀಗ ಇತ್ತು. ಕೀಲಿ ಅವನ ಮನ್ಯಾಗ ಇರ್ತದ."

ಠಾಣೆಯ ಸಾಹೇಬರ ಲೆಕ್ಕ ಬಹಳ ಸುಲಭದ್ದು. ಸಿಡಿದ ರೆಗ್ಯುಲೇಟರಿನ ಚೂರುಗಳಲ್ಲಿ ಎಣ್ಣೆ ಸಿಕ್ಕಿದೆ. ಇಂಥ ಬಿಗಿ ಗಾಳಿಗೆ ಎಣ್ಣೆ ತಾಗಿದರೆ ಸಾವು ಎಂದು ಮೊದಲು ಬಲ್ಲವನು ನಸೀರ್. ಶಾರ್ಜಾದಲ್ಲಿ ಸಮುದ್ರದಲ್ಲಿ ಮುಳುಗು ಹಾಕುವವರ ಸಿಲಿಂಡರುಗಳಿಗೆ ಗಾಳಿ ತುಂಬುವ ಅಂಗಡಿಯಲ್ಲಿ ದುಡಿದು ಬಂದವನು. ಹಬ್ಬಕ್ಕೆ ಮುಂಚೆ ಆ ರೆಗ್ಯುಲೇಟರ್ ಕೂಡಿಸಿದವನೂ ಅವನೇ. ಚಹಾದಂಗಡಿಯ ಎದುರು ಎಲ್ಲರ ಕಣ್ಣ ಮುಂದೆ ಶಂಕರಲಿಂಗನ ಕೆನ್ನೆಗೆ ಬಾರಿಸಿದವನೂ ಅವನೇ. ಬಲ್ಲವನೇ ಮಾಡಿದ, ಕೇಸು ಮುಗಿಯಿತು. ಎಣ್ಣೆಯ ಮಾತು ಮಾತ್ರ ಠಾಣೆ ದಾಟಬಾರದು, ನಾಳೆ ಮುಂಜಾನೆ ಕೋರ್ಟಿನಲ್ಲೇ ಹೊರಬೀಳಬೇಕು ಎಂದು ಸಾಹೇಬರು ತಾಕೀತು ಮಾಡಿದ್ದರು.

ಆದರೆ ಒಬ್ಬನನ್ನು ಕೊಲ್ಲಬೇಕೆಂದವನು ಒಂದು ಟ್ಯಾಂಕಿಗೆ ಎಣ್ಣೆ ಹಚ್ಚುತ್ತಾನೆ. ಇಡೀ ಕಪಾಟಿಗೆ ಹಚ್ಚುವವನು ಎಂಥ ಕೊಲೆಗಾರ?

ಕಾಂತಾಬಾಯಿ ಮೊಣಕಾಲು ಹಿಡಿದುಕೊಂಡು ಎದ್ದಳು. ಇಕ್ಕಳದ ಕೀಲು ನೋಡಿದಳು, ಬೋಲ್ಟು ತಿರುಗಿಸುವ ಪಾನಾಗಳ ಸಂದಿ ನೋಡಿದಳು, ಬಾಗಿಲ ಹಿಂದಿನ ಸೈಕಲ್ ಪಂಪು ನೋಡಿದಳು. ತೊಳೆಯುವವರ ಕೈ ಎಲ್ಲೆಲ್ಲಿ ಹೋಗಿರಲಿಲ್ಲವೋ ಅಲ್ಲೆಲ್ಲ ಅದೇ ಎಣ್ಣೆ. ಗೋಡೆಗೆ ಆನಿಸಿದ್ದ ಸಲಿಕೆಯ ಹಿಡಿಕೆಯಲ್ಲಿ, ಕಟ್ಟಿಗೆ ಸೀಳಿದ ಕಡೆ, ವಿಭೂತಿಯ ಬಿಳಿ ಉಳಿದಿತ್ತು.

ಇದು ದ್ವೇಷದ ಕೆಲಸವಲ್ಲ, ಪೂಜೆಯ ಕೆಲಸ. ಮಹಾನವಮಿಯ ದಿನ ದುಡಿಯುವ ಸಾಮಾನನ್ನೆಲ್ಲ ತೊಳೆದು, ಎಣ್ಣೆ ಸವರಿ, ವಿಭೂತಿ ಹಚ್ಚಿ, ಅವತ್ತು ಅದಕ್ಕೆ ಬಿಡುವು ಕೊಡುವುದು ಈ ಕಡೆಯ ಖಂಡೆ ಪೂಜೆಯ ಪದ್ಧತಿ. ಠಾಣೆಯ ಬಂದೂಕುಗಳಿಗೂ ಅದು ತಪ್ಪಿದ್ದಲ್ಲ.

ಆಗ ಅವಳು ಬೆರಳನ್ನು ಮೂಗಿನ ಹತ್ತಿರ ತಂದಳು. ಕುಸುಬಿ ಎಣ್ಣೆ. ಅದು ಎಲ್ಲರ ಅಡಿಗೆ ಮನೆಯಲ್ಲೂ ಇರುತ್ತದೆ. ಆದರೆ ಅದರ ಜೊತೆಗೆ ಕಾಯಿಸಿದ ಅಜವಾನದ ವಾಸನೆ ಇತ್ತು, ಕರ್ಪೂರದ ವಾಸನೆಯೂ ಇತ್ತು.

ಇನ್ನೊಮ್ಮೆ ಮೂಸುವ ಅಗತ್ಯ ಬೀಳಲಿಲ್ಲ. ಅದೇ ವಾಸನೆ ಅವಳ ಸ್ವಂತ ಮೊಣಕಾಲಿನಿಂದ ಬರುತ್ತಿತ್ತು.

*

ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಗರಿ ಹೊಲಗಳು ಹಿಂದೆ ಹೋದವು, ಢಾಬಾಗಳು ಹೋದವು. ಕಾಂತಾಬಾಯಿಗೆ ಯಾವುದೂ ಕಾಣಲಿಲ್ಲ.

ಲಲಿತಾಬಾಯಿ ಶಂಕರಲಿಂಗನ ಅಕ್ಕ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಅವನನ್ನು ಬೆಳೆಸುವ ಗಡಿಬಿಡಿಯಲ್ಲಿ ಅವಳ ಮದುವೆಯ ಮಾತು ಹಿಂದೆ ಬಿದ್ದು, ಆಮೇಲೆ ಯಾರೂ ಅದನ್ನು ಎತ್ತಲಿಲ್ಲ. ಹಳೇ ಬಜಾರಿನ ಹಿಂದಿನ ಆ ಮನೆಯ ಮುಂದಿನ ಕೋಣೆಯಲ್ಲಿ ಕಾಂತಾಬಾಯಿ ಬಾಡಿಗೆಗಿದ್ದಳು.

ಗಂಡ ಎನ್ನುವವನು ಮದುವೆಯಾದ ವರ್ಷವೇ ಬಿಟ್ಟು ಹೋದ ಮೇಲೆ ಕಾಂತಾಬಾಯಿಯ ಬಾಳೆಲ್ಲ ಬಾಡಿಗೆ ಕೋಣೆಗಳಲ್ಲೇ ಕಳೆದಿತ್ತು. ಭಾಲ್ಕಿ, ಔರಾದ, ಚಿಟಗುಪ್ಪ, ವರ್ಗವಾದಲ್ಲೆಲ್ಲ ಒಂದು ಕೋಣೆ, ಒಂದು ಬೀಗ. ಯಾವ ಊರಿನಲ್ಲೂ ಅವಳು ಬಂದ ಸಪ್ಪಳ ಕೇಳಿ ಒಳಗಿಂದ ಯಾರೂ "ಬಂದೇನು?" ಅಂದಿರಲಿಲ್ಲ. ಲಲಿತಾಬಾಯಿ ಅಂದಳು.

ಅಷ್ಟೇ ಅಲ್ಲ. ಸಂಜೆ ರೊಟ್ಟಿ ಉಣಿಸಿದ ಮೇಲೆ ಅವಳ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು, ಕುಸುಬಿ ಎಣ್ಣೆಯಲ್ಲಿ ಅಜವಾನ ಕಾಯಿಸಿ ಕರ್ಪೂರ ಕರಗಿಸಿದ ಮನೆಮದ್ದನ್ನು ತಿಕ್ಕುತ್ತಿದ್ದಳು. ಕಾಂತಾಬಾಯಿಯ ಮೈಯನ್ನು ಇನ್ನೊಬ್ಬರು ಅಕ್ಕರೆಯಿಂದ ಮುಟ್ಟಿ ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿರಲಿಲ್ಲ.

ಈಗ ಆ ಕೈಯ ಮೇಲೆ ಅವಳು ಬೆರಳು ತೋರಿಸಬೇಕು. ಬಾಯಿ ಬಿಡದಿದ್ದರೆ ನಸೀರ್ ಕೊಲೆಗಾರನಾಗುತ್ತಾನೆ. ಬಾಯಿ ಬಿಟ್ಟರೆ, ಎತ್ತಿ ಆಡಿಸಿದ ತಮ್ಮನನ್ನು ತಾನೇ ಕೊಂದೆ ಎಂದು ಲಲಿತಾಬಾಯಿಗೆ ತಿಳಿಯುತ್ತದೆ. ತಿಳಿದ ಮೇಲೆ ಆ ಹೆಂಗಸು ಬದುಕಿ ಉಳಿಯುತ್ತಾಳೆಂದು ಅವಳಿಗೆ ಅನ್ನಿಸಲಿಲ್ಲ.

ಅಳು ಬಂತು. ಆದರೆ ಖಾಕಿ ಹಾಕಿಕೊಂಡು ಸರಕಾರಿ ಬಸ್ಸಿನಲ್ಲಿ ಅತ್ತರೆ ಕಂಡಕ್ಟರನಿಂದ ಹಿಡಿದು ಎಲ್ಲರೂ ಬಂದು ವಿಚಾರಿಸುತ್ತಾರೆ. ಅವಳು ಮೂಗು ಒರೆಸಿಕೊಂಡು ಕೂತಳು.

*

ಲಾಕಪ್ಪಿನಲ್ಲಿ ನಸೀರ್ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಮುಂಜಾನೆ ಕೊಟ್ಟ ಚಹಾ ಆರಿ ಕೆನೆ ಕಟ್ಟಿತ್ತು. ಅವನನ್ನು ನೋಡಲು ಯಾರೂ ಬಂದಿರಲಿಲ್ಲ. ಕಲ್ಯಾಣದಲ್ಲಿದ್ದ ತಾಯಿ ಅವನು ಶಾರ್ಜಾದಲ್ಲಿದ್ದಾಗಲೇ ತೀರಿಕೊಂಡಿದ್ದಳು, ಮಣ್ಣಿಗೂ ಬರಲಾಗಿರಲಿಲ್ಲ.

ಕಾಂತಾಬಾಯಿ ತನ್ನ ನೀರಿನ ಸ್ಟೀಲ್ ಬಾಟಲಿಯ ಮುಚ್ಚಳ ಬಿಚ್ಚಿ, ಎರಡನ್ನೂ ಸರಳುಗಳ ಸಂದಿಯಿಂದ ಒಳಗೆ ಕೊಟ್ಟಳು.

"ಇದು ಟ್ಯಾಂಕು. ಈ ಮುಚ್ಚಳಾ ರೆಗ್ಯುಲೇಟರ್ ಅಂತ ತಿಳಿ. ನೀ ಹ್ಯಾಂಗ ಕೂಡಿಸಿದಿ, ನನ್ನ ಮುಂದ ಮಾಡಿ ತೋರಸು."

"ಸಾಹೇಬ್ರಿಗಿ ಎಲ್ಲಾ ಹೇಳೀನ್ರಿ ಮೇಡಂ."

"ಸಾಹೇಬ್ರು ಕೇಳ್ಯಾರ. ನಾ ನೋಡಬೇಕು."

ಅವನು ಬಾಟಲಿ ಕೈಗೆ ತೆಗೆದುಕೊಂಡ. ಮೊದಲು ಅಂಗಿಯ ತುದಿಯಿಂದ ಕೈ ಒರೆಸಿಕೊಂಡ. ಅದನ್ನು ಕಾಂತಾಬಾಯಿ ಗಮನಿಸಿದಳು.

"ಮೊದಲ ಗಾಳಿ ಎಷ್ಟದ ಅಂತ ತೋರಸೂ ಕಾಟಾ ನೋಡಬೇಕ್ರಿ. ಮುಳ್ಳು ಸೊನ್ನಿ ಮ್ಯಾಲ ಇರಬೇಕು. ಕಾಟಾ ಸುಳ್ಳ ಹೇಳಬಹುದು, ಅದಕ್ಕ ಬಂದೂಕಿನ ಕಡಿ ಪಿನ್ ಒತ್ತಿ ನೋಡಬೇಕು. ಫುಸ್ ಅಂತ ಒಂದೀಟೂ ಬರಬಾರದು. ಒಳಗ ಒಂದು ಉಸಿರು ಗಾಳಿ ಇದ್ರೂ ಪಾನಾ ಮುಟ್ಟಬಾರದು."

"ಶಂಕರಲಿಂಗನ ಕೆನ್ನಿಗಿ ಯಾಕ ಹೊಡದಿ?"

"ಇದಕ್ಕೇ ಹೊಡದೆ. ತುಂಬಿದ ಟ್ಯಾಂಕಿಗಿ ಪಾನಾ ಹಾಕಿದ್ದ, ನಕ್ಕೋತ. ಕೈಯಾಗಿಂದ ಕಸಗೊಂಡೆ. ಚಹಾದಂಗಡಿ ತನಕಾ ಬಂದು 'ಏನ್ ಆಗ್ತದ ಬಿಡೋ' ಅಂದ. ಸಿಟ್ಟು ತಡೀಲಿಲ್ರಿ. ಶಾರ್ಜಾದಾಗ ನನ್ನ ಬಾಜೂಕ ನಿಂತು ಕೆಲಸಾ ಮಾಡಾಂವ ಹಂಗೇ ಹ್ವಾದ. ನಾ ನೋಡೀನಿ."

"ಆಮ್ಯಾಲ?"

"ಆಮ್ಯಾಲ ಚೂಡಿ ಸಾಫ್ ಮಾಡಬೇಕು, ಒಣಾ ಅರಿವೀಲೇ." ಅವನು ಬಾಟಲಿಯ ಬಾಯಿಯ ಸುತ್ತಿನ ತಿರುಪುಗೆರೆಗಳ ಮೇಲೆ ಬೆರಳು ಓಡಿಸಿದ. "ಹಳೀ ರಬ್ಬರ್ ರಿಂಗ್ ತೆಗದು ಹೊಸಾದು ಹಾಕಬೇಕು. ಅದಕ್ಕಂತಲೇ ಬರೂ ಮುಲಾಮು ಒಂದು ಅಕ್ಕಿ ಕಾಳಿನಷ್ಟು, ರಿಂಗಿಗಿ ಅಷ್ಟೇ. ಆಮ್ಯಾಲ ಕೈಲೇ ತಿರುವಬೇಕು. ನಡುವ ತಡದ್ರ ಜೋರು ಮಾಡಬಾರದು, ಬಿಚ್ಚಿ ಮತ್ತ ಮೊದಲಿಂದ ಸುರು. ಪೂರಾ ಕೂತ ಮ್ಯಾಲ ಕಡೀ ಬಿಗಿ ಪಾನಾದ್ಲೇ."

ಮುಚ್ಚಳ ಮೆತ್ತಗೆ ತಿರುಗಿ ಕೂತಿತು. ಅವನ ಮುಖದಲ್ಲಿ ಅಲ್ಲಿಯವರೆಗೆ ಇಲ್ಲದಿದ್ದ ಒಂದು ನೆಮ್ಮದಿ ಬಂದಿತ್ತು. ತಾನೆಲ್ಲಿದ್ದೇನೆ ಎನ್ನುವುದನ್ನೇ ಮರೆತಿದ್ದ.

"ಇಷ್ಟಕ್ಕೇ ಮುಗೀಲಿಲ್ರಿ. ತುಸು ಗಾಳಿ ಹಾಕಿ ಸಾಬಾಣ ನೀರು ಹಚ್ಚಿ ನೋಡಬೇಕು, ಗುಳ್ಳಿ ಏಳಬಾರದು. ಆಮ್ಯಾಲ ಸಾವಕಾಶ ತುಂಬಬೇಕು. ಗಾಳಿ ಜೋರಲೇ ನುಗ್ಗಿದ್ರ ಕಾಯ್ತದ."

"ಎಣ್ಣಿ?"

ಅವನ ಕೈ ನಿಂತಿತು.

"ಎಣ್ಣಿ ಮುಟ್ಟಿದ ಕೈಲೇ ಸುದ್ದಾ ಮುಟ್ಟಬಾರದ್ರಿ. ಕಾದ ಗಾಳಿ, ಅದರಾಗ ಎಣ್ಣಿ. ಕಡ್ಡಿ ಗೀರೂದು ಬ್ಯಾಡ, ತಾನೇ ಹೊತ್ತತದ."

"ಶಂಕರಲಿಂಗಗ ಇದು ಗೊತ್ತಿತ್ತೇನು?"

"ನಾನೇ ಕಲಿಸೀನಿ. ಆದ್ರ ಅವತ್ತು ಗೇಟಿನ ಮುಂದ ಹೈದರಾಬಾದಿನ ಬಸ್ಸು ನಿಂತಿತ್ತಂತ. ಗಡಿಬಿಡಿ. ಮೂತಿ ಒರಸದೇ ಪೈಪ್ ಹಚ್ಯಾನ."

"ಕಪಾಟಿನ್ಯಾಗಿನ ಎಲ್ಲಾ ಟ್ಯಾಂಕಿಗಿ ಎಣ್ಣಿ ಅದ, ನಸೀರ್. ಟೊಪ್ಪಿಗಿ ಕೆಳಗ. ಸಲಿಕಿ ಮ್ಯಾಲ ವಿಭೂತಿನೂ ಅದ. ಅದನ್ನ ಯಾರು ಹಚ್ಯಾರ?"

ನಸೀರ್ ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಆಮೇಲೆ ಬಾಟಲಿಯನ್ನು ಸರಳಿನಾಚೆ ಇಟ್ಟು ಗೋಡೆಯ ಕಡೆ ತಿರುಗಿದ.

"ನನಗ ಗೊತ್ತಿಲ್ರಿ."

"ಖಂಡೆ ಪೂಜಾ ದಿನ ನೀ ಎಲ್ಲಿದ್ದಿ?"

"ಕಲ್ಯಾಣದಾಗ. ನಮ್ಮ ಮನ್ಯಾಗ."

"ಯಾರರ ನೋಡ್ಯಾರೇನು?"

"ನೋಡಾಕ ಮನ್ಯಾಗ ಯಾರದಾರ್ರಿ?"

ಕಾಂತಾಬಾಯಿಗೆ ಮುಂದಿನ ಪ್ರಶ್ನೆ ಕೇಳಲಾಗಲಿಲ್ಲ. ಇದೇ ಪ್ರಶ್ನೆಯನ್ನು ಯಾರಾದರೂ ತನಗೆ ಕೇಳಿದ್ದರೆ ತನ್ನ ಉತ್ತರವೂ ಇದೇ ಆಗುತ್ತಿತ್ತು. ಅವಳು ಬಾಟಲಿ ಎತ್ತಿಕೊಂಡು ಹೊರಟಳು.

"ಮೇಡಂ," ಹಿಂದಿನಿಂದ ಕರೆದ. "ಲಲಿತಕ್ಕಗ ಏನೂ ಹೇಳಬ್ಯಾಡ್ರಿ. ಎಣ್ಣಿ ಮಾತು ಅವರ ತನಕಾ ಹೋಗಬಾರದು. ಭಾಳ ಸಲ ಅವರ ಕೈದು ಉಂಡೀನಿ. ನಾ ಜೈಲಿಗಿ ಹೋಗ್ತೀನಿ. ನನ್ನ ದಾರಿ ಕಾಯಾವ್ರು ಯಾರೂ ಇಲ್ಲ."

ಕಾಂತಾಬಾಯಿ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಇವನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ಆ ಹೆಂಗಸಿನ ಸಲುವಾಗಿ ಬಾಯಿ ಕಟ್ಟಿಕೊಂಡು ಕೂತಿದ್ದಾನೆ ಎಂದು ಅವಳಿಗೆ ಅನಿಸಿತು. ಇಂಥವನನ್ನು ಜೈಲಿಗೆ ಕಳಿಸಿ ತಾನು ಹಾಯಾಗಿ ರೊಟ್ಟಿ ತಿನ್ನುವುದು ಸಾಧ್ಯವಿಲ್ಲ. ಲಲಿತಾಬಾಯಿಗೆ ಇವತ್ತೇ ಹೇಳಬೇಕು. ಕೋರ್ಟಿನಲ್ಲಿ ಯಾರದೋ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದ ಕೇಳಲಿ.

ಕಲ್ಯಾಣದ ಮನೆಯಲ್ಲಿ ಕೂತಿದ್ದವನಿಗೆ ಎಣ್ಣೆ ಹಚ್ಚಿದವರು ಯಾರೆಂದು ಹೇಗೆ ಗೊತ್ತಾಯಿತು? ಅದನ್ನು ಅವಳು ಆಗಲೇ ಕೇಳಬೇಕಿತ್ತು. ಕಣ್ಣು ತುಂಬಿದರೆ ಪೊಲೀಸರಿಗೂ ಪ್ರಶ್ನೆ ಮರೆಯುತ್ತದೆ.

*

ದೀಪ ಹಚ್ಚುವ ಹೊತ್ತು. ಮುಂದಿನ ಬಾಗಿಲು ಕಿರ್ ಎಂದಿತು.

"ಬಂದೇನು?" ಒಳಗಿಂದ ಲಲಿತಾಬಾಯಿ ಕೇಳಿದಳು.

ಒಲೆಯ ಪಕ್ಕದಲ್ಲಿ ಮೂರು ತಾಟುಗಳಿದ್ದವು. ಒಂದು ಬೋರಲಾಗಿತ್ತು. ತೊಳೆಯುವಾಗ ಮಾತ್ರ ಲಲಿತಾಬಾಯಿ ಇನ್ನೂ ಮೂರನ್ನೂ ತೊಳೆಯುತ್ತಿದ್ದಳು.

ರೊಟ್ಟಿ, ಪುಂಡಿಪಲ್ಯ. ಇಬ್ಬರೂ ಉಣ್ಣಲು ಕೂತರು. ಶಂಕರಲಿಂಗ ಇದ್ದಾಗ ಈ ಹೊತ್ತಿನಲ್ಲಿ ಈ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಆ ಟ್ಯಾಂಕು, ಆ ಬಂದೂಕು, ಹೈದರಾಬಾದಿನ ಸಾಹೇಬರು ಗುಂಡು ಬಿದ್ದಾಗ ಕಿರುಚಿದ್ದು, ಎಲ್ಲವನ್ನೂ ಅವನು ಕುಣಿದು ತೋರಿಸುತ್ತಿದ್ದ. ಈಗ ರೊಟ್ಟಿ ಮುರಿಯುವ ಸದ್ದೂ ಜೋರಾಗಿ ಕೇಳಿಸಿತು.

"ಲಲಿತಕ್ಕ, ಒಂದು ಮಾತು ಹೇಳಬೇಕು."

"ಮೊದಲ ಕಾಲ ಕೊಡು. ಹಗಲೆಲ್ಲಾ ನಿಂತಿರ್ತಿ."

ಲಲಿತಾಬಾಯಿ ಗೂಡಿನಿಂದ ಎಣ್ಣೆಯ ಬಾಟಲಿ ತಂದಳು. ಕೆಮ್ಮಿನ ಔಷಧಿಯ ಹಳೇ ಬಾಟಲಿ. ಅದರ ತಳದಲ್ಲಿ ತುಸುವೇ ಉಳಿದಿತ್ತು.

"ಎಣ್ಣಿ ಇಷ್ಟ್ಯಾಕ ಕಡಿಮಿ ಆಗ್ಯದ?" ಕಾಂತಾಬಾಯಿ ಕೇಳಿದಳು. ಉತ್ತರ ಗೊತ್ತಿತ್ತು. ಆದರೂ ಬೇರೆ ಉತ್ತರ ಬರಲಿ ಎಂದು ಬೇಡಿಕೊಂಡಳು.

"ಹಬ್ಬದ ದಿನ ಶಂಕ್ರ್ಯಾನ ವರ್ಕ್‌ಶಾಪಿಗಿ ಒಯ್ದಿದ್ನೆಲ್ಲ. ಮನ್ಯಾಗ ಬ್ಯಾರೆ ಎಣ್ಣಿ ತೀರಿತ್ತು. ನಿನ್ನ ಕಾಲಿನ ಎಣ್ಣಿನೇ ಒಯ್ದೆ. ಸಿಟ್ಟಾಗಬ್ಯಾಡ ಮತ್ತ."

"ಅವನಿಗಿ ಹೇಳಿ ಹೋಗಿದ್ದೇನು?"

"ಎಲ್ಲೀದು! ಅವಾ ಬನ್ನಿ ತರಾಕ ಹೋಗಿದ್ದ, ಕೀಲಿ ಗೂಟಕ್ಕಿತ್ತು. 'ಅಕ್ಕಾ, ನನ್ನ ಸಾಮಾನಿಗಿ ಏನೂ ಹಚ್ಚಬ್ಯಾಡ' ಅಂತಿದ್ದ. ಅನ್ನಾ ಕೊಡೂ ಸಾಮಾನು, ಹಂಗೇ ಬಿಟ್ರ ಹ್ಯಾಂಗ? ಅವನ ಕೈಗಿ ಕಾಲಿಗಿ ಏನೂ ಆಗಬಾರದು ಅಂತ ಬೇಡ್ಕೊಂಡು ಒಂದೊಂದಕ್ಕ ಹಚ್ಚಿದೆ. ಸಣ್ಣ ಟೊಪ್ಪಿಗಿ ಸುದ್ದಾ ತೆಗದು ಹಚ್ಚಿದೆ. ದೇವರ ಮುಂದ ಮುಖಾ ಮುಚಗೊಂಡು ಕೂಡಬಾರದಲ್ಲ." ಅವಳ ದನಿ ಒಡೆಯಿತು. "ಏನೂ ಉಪಯೋಗ ಆಗ್ಲಿಲ್ಲ ನೋಡು, ಕಾಂತಾ."

ಇನ್ನು ತಡ ಮಾಡುವಂತಿಲ್ಲ. ಬೆಚ್ಚಗಿನ ಆ ಅಂಗೈ ಮೊಣಕಾಲಿನ ಮೇಲೆ ಸುತ್ತುತ್ತಿತ್ತು. ಇದೇ ಕೊನೆಯ ಸಲ ಎಂದುಕೊಂಡಳು.

"ಲಲಿತಕ್ಕ..."

"ನಾಳೆ ಕೋರ್ಟಿಗಿ ನಾನೂ ಬರ್ತೀನಿ," ಲಲಿತಾಬಾಯಿ ತನ್ನ ಪಾಡಿಗೆ ಹೇಳಿದಳು. "ಅವನ ಮುಖಾ ಒಮ್ಮೆ ನೋಡಬೇಕು ನನಗ. ಪೂಜಾ ಮುಂದ ಕೈ ಜೋಡಿಸಿ ನಿಂತಾಂವ, ರೆಗ್ಯುಲೇಟರ್ ಸಡಿಲ ಮಾಡಿ ನನ್ನ ತಮ್ಮನ್ನ ಹ್ಯಾಂಗ ಕೊಂದ್ಯೋ ಅಂತ ಕೇಳಬೇಕು."

"ಪೂಜಾ ಮುಂದ ಯಾರು ನಿಂತಾಂವ?"

"ನಸೀರ್. ಮತ್ಯಾರು? ಅವತ್ತು ಅಲ್ಲೇ ಇದ್ದನಲ್ಲ. ನಾ ಬೀಗ ತೆಗ್ಯೂ ಹೊತ್ತಿಗಿ ಬಂದ. ನಾ ಹಚ್ಚೂತನಕಾ ಬಾಟ್ಲಿ ಹಿಡಕೊಂಡು ನಿಂತವ ಅವನೇ."

ಬಜಾರಿನಲ್ಲಿ ಯಾರೋ ಅಂಗಡಿಯ ಶಟರ್ ಎಳೆದರು. ಆ ಸದ್ದು ಮುಗಿದ ಮೇಲೆ ಕಾಂತಾಬಾಯಿ ಕೇಳಿದಳು.

"ಎಣ್ಣಿ ಹಚ್ಚಬ್ಯಾಡ್ರಿ ಅಂತ ಏನರ ಅಂದನೇನು?"

"ಏನೂ ಅನಲಿಲ್ಲ. ಒಂದು ಮಾತೂ ಆಡಲಿಲ್ಲ. ಎಲ್ಲಾ ಮುಗದ ಮ್ಯಾಲ ಆ ಟೊಪ್ಪಿಗಿ ಎಲ್ಲಾ ತಾನೇ ಮುಚ್ಚಿದ, ಬಾಟ್ಲಿ ಬೂಚ ಹಾಕಿ ಕೊಟ್ಟ. 'ಅಕ್ಕಾ, ನೀವು ಬಂದಿದ್ದು ಶಂಕರಗ ಹೇಳಬ್ಯಾಡ್ರಿ, ಸುಮ್ಮನ ಬೈತಾನ' ಅಂದ. ನಾನೂ ಹೇಳಲಿಲ್ಲ."

ಗಾಳಿ ಇದ್ದ ಟ್ಯಾಂಕಿಗೆ ಪಾನಾ ಹಾಕಿದ್ದಕ್ಕೆ ನಾಲ್ಕು ಜನರೆದುರು ಗೆಳೆಯನ ಕೆನ್ನೆಗೆ ಹೊಡೆದವನು ಅವನು. ಎಣ್ಣೆ ಮುಟ್ಟಿದ ಕೈಯಿಂದ ಸುದ್ದಾ ಮುಟ್ಟಬಾರದು ಎಂದು ಈಗಷ್ಟೇ ಹೇಳಿದವನು. ಅದೇ ಕೈಯಿಂದ ಎಣ್ಣೆಯ ಬಾಟಲಿ ಹಿಡಿದಿದ್ದ, ಅದೇ ಕೈಯಿಂದ ಒಂದೊಂದು ಟೊಪ್ಪಿಗೆಯನ್ನೂ ಮುಚ್ಚಿದ್ದ. ಆಮೇಲೆ ಒರೆಸಬೇಕೆಂದಿದ್ದನೋ, ಒರೆಸಬಾರದೆಂದೇ ಸುಮ್ಮನಿದ್ದನೋ ಅವನಿಗೇ ಗೊತ್ತು. ಲಲಿತಕ್ಕನಿಗೆ ಏನೂ ಹೇಳಬೇಡಿ ಎಂದು ಬೇಡಿದ್ದು ಯಾರನ್ನು ಉಳಿಸಲಿಕ್ಕೆ?

ಅವನನ್ನು ಬಿಡಿಸಬೇಕೆಂದರೂ, ಹಿಡಿದುಕೊಡಬೇಕೆಂದರೂ, ನಾಳೆ ಕೋರ್ಟಿನ ಮುಂದೆ ಈ ಬಾಟಲಿಯನ್ನು ಇಡದೆ ಅವನ ವಿಷಯದಲ್ಲಿ ಒಂದು ಮಾತನ್ನೂ ಆಡುವಂತಿರಲಿಲ್ಲ.

ಲಲಿತಾಬಾಯಿ ಬಾಟಲಿ ಬಗ್ಗಿಸಿ, ತಳದಲ್ಲಿ ಉಳಿದದ್ದನ್ನು ಅಂಗೈಗೆ ಸುರಿದುಕೊಂಡು ಮತ್ತೆ ಕೈ ಚಾಚಿದಳು. ಕೈ ಗಾಳಿಯಲ್ಲೇ ನಿಂತಿತು.

"ಯಾಕ ಕಾಂತಾ, ಕಾಲ ಯಾಕ ಹಿಂದಕ್ಕ ತಗೊಂಡಿ?"